ಸಾಕ್ಷ್ಯ ಯಾವ ಸಿದ್ಧಾಂತದಿಂದ ದೂರ ಇರಬೇಕು?

ಪ್ರಯೋಗಾಲಯದಲ್ಲಿ ಅಳತೆಯ ಕೆಲಸ ಮಾಡುವ ನನಗೆ ಭೌತವಿಜ್ಞಾನದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ಉಪಕರಣವೇ ಒಂದು ಸಿದ್ಧಾಂತದ ಮೇಲೆ ನಿಂತಿದ್ದರೆ ಅದು ಕೊಡುವ ಸಾಕ್ಷ್ಯವನ್ನು ನಂಬುವುದು ಹೇಗೆ? ನಂಬಿದ್ದನ್ನೇ ನೋಡಿದ ಹಾಗಾಯಿತು, ಅಲ್ವಾ?

ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಪಾದರಸದ ಥರ್ಮಾಮೀಟರನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ಪಾದರಸದ ಎತ್ತರ, ತಾಪಮಾನವಲ್ಲ. ಬಿಸಿ ಏರಿದಂತೆ ಪಾದರಸ ಒಂದೇ ಸಮನೆ ಹಿಗ್ಗುತ್ತದೆ ಎಂದು ಒಪ್ಪಿಕೊಂಡರೆ ಮಾತ್ರ ಎತ್ತರದಿಂದ ತಾಪಮಾನ ಹೇಳಬಹುದು. ಅದು ಹಾಗೆಯೇ ಹಿಗ್ಗುತ್ತದೆಯೇ ಎಂದು ನೋಡಲು ತಾಪಮಾನ ಮೊದಲೇ ಗೊತ್ತಿರಬೇಕು. ಅದಕ್ಕೆ ಮತ್ತೆ ಥರ್ಮಾಮೀಟರ್ ಬೇಕು.

1840ರ ದಶಕದಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ವಿಕ್ಟರ್ ರೆನ್ಯೋ ಈ ಗಂಟು ಬಿಡಿಸಿದ ರೀತಿ ನನಗೆ ಬಹಳ ಇಷ್ಟ. ಶಾಖ ಅಂದರೆ ಏನು ಎಂಬ ಜಗಳಕ್ಕೆ ಅವರು ಹೋಗಲಿಲ್ಲ. ಒಂದೇ ಬಗೆಯ ಎರಡು ಥರ್ಮಾಮೀಟರುಗಳು ಎಲ್ಲ ಬಿಸಿಯಲ್ಲೂ ಒಂದೇ ಅಂಕಿ ತೋರಿಸುತ್ತವೆಯೇ ಎಂದಷ್ಟೇ ನೋಡಿದರು. ಪಾದರಸದವು ಇಲ್ಲಿ ಸೋತವು. 0 ಮತ್ತು 100 ಡಿಗ್ರಿಯಲ್ಲಿ ಸರಿಹೊಂದಿಸಿದ್ದರೂ, ಗಾಜಿನ ಬಗೆ ಬೇರೆಯಾದರೆ ಜಾಸ್ತಿ ಬಿಸಿಯಲ್ಲಿ ಅಂಕಿಗಳೂ ಬೇರೆಯಾದವು. ಗಾಳಿಯ ಥರ್ಮಾಮೀಟರುಗಳು ಒಳಗಿನ ಗಾಳಿಯ ಸಾಂದ್ರತೆ ಬದಲಿಸಿದರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟವು. ಇಲ್ಲೂ ಒಂದು ನಂಬಿಕೆ ಇದೆ ನೋಡಿ: ಒಂದು ಜಾಗಕ್ಕೆ ಒಂದು ಹೊತ್ತಿನಲ್ಲಿ ಒಂದೇ ತಾಪಮಾನ. ಆದರೆ ಜಗಳದಲ್ಲಿದ್ದ ಯಾವ ಸಿದ್ಧಾಂತವೂ ಅದರೊಳಗೆ ನುಸುಳಿಲ್ಲ.

ನಾನು ವಿದ್ಯಾರ್ಥಿಗಳಿಗೆ ಹೇಳುವುದೂ ಇದನ್ನೇ. ಯಾವ ಸಿದ್ಧಾಂತವೂ ಇಲ್ಲದ ಸಾಕ್ಷ್ಯ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಪರೀಕ್ಷೆಗೆ ನಿಂತ ಸಿದ್ಧಾಂತವನ್ನೇ ಸಾಕ್ಷ್ಯ ನೆಚ್ಚಿಕೊಂಡಿರಬಾರದು. ಫ್ರಾನ್ಸಿನ ಭೌತವಿಜ್ಞಾನಿ ಝಾಂ ಪೆರಾಂ ಅವೊಗಾಡ್ರೊ ಸಂಖ್ಯೆಯನ್ನು (ಒಂದು ಮೋಲ್ ವಸ್ತುವಿನಲ್ಲಿರುವ ಕಣಗಳ ಎಣಿಕೆ) ಕಂಡುಹಿಡಿಯುವ ಹತ್ತಕ್ಕೂ ಹೆಚ್ಚು ದಾರಿಗಳನ್ನು 1913ರಲ್ಲಿ ಒಟ್ಟಿಗೆ ಇಟ್ಟು ತೋರಿಸಿದರು. ದ್ರವದಲ್ಲಿ ಕಣಗಳ ಅಲುಗಾಟ ಒಂದು ದಾರಿ, ಆಕಾಶದ ನೀಲಿ ಇನ್ನೊಂದು. ಪ್ರತಿಯೊಂದಕ್ಕೂ ಅದರದೇ ಲೆಕ್ಕಾಚಾರ. ಆದರೂ ಉತ್ತರಗಳು ಹತ್ತಿರಹತ್ತಿರ ಬಂದವು. ಪರಮಾಣುಗಳನ್ನು ಒಪ್ಪದಿದ್ದವರಿಗೆ ಇದನ್ನು ಎದುರಿಸುವುದು ಕಷ್ಟವಾಯಿತು.

ಜಾಸ್ತಿ ವಾದ ನಡೆಯುವುದು 1919ರ ಸೂರ್ಯಗ್ರಹಣದ ಬಗ್ಗೆ. ಸೂರ್ಯನ ಅಂಚಿನಲ್ಲಿ ನಕ್ಷತ್ರದ ಬೆಳಕು 1.75 ಆರ್ಕ್‌ಸೆಕೆಂಡು (ಒಂದು ಆರ್ಕ್‌ಸೆಕೆಂಡು ಅಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು) ಬಾಗಬೇಕು ಎಂದು ಐನ್‌ಸ್ಟೈನ್ ಲೆಕ್ಕ ಹೇಳುತ್ತಿತ್ತು. ನ್ಯೂಟನ್ ದಾರಿಯ ಲೆಕ್ಕ ಅದರ ಅರ್ಧ. ಬ್ರೆಜಿಲಿನ ಸೊಬ್ರಾಲ್‌ನಲ್ಲಿ ಒಂದು ದೂರದರ್ಶಕ 1.98 ಕೊಟ್ಟಿತು, ಇನ್ನೊಂದು ಸುಮಾರು 0.9. ಎರಡನೆಯದನ್ನು ಬದಿಗಿಟ್ಟರು. ಈ ಗ್ರಹಣ ವೀಕ್ಷಣೆಯ ಮುಂದಾಳುಗಳಲ್ಲಿ ಒಬ್ಬರಾದ ಬ್ರಿಟನ್ನಿನ ಖಗೋಳವಿಜ್ಞಾನಿ ಎಡಿಂಗ್ಟನ್ ಅವರಿಗೆ ಐನ್‌ಸ್ಟೈನ್ ಕಡೆ ಒಲವಿತ್ತು, ಹಾಗಾಗಿ ಬೇಡದ್ದನ್ನು ಎಸೆದರು ಎಂಬ ಆರೋಪ ಇವತ್ತಿಗೂ ಕೇಳುತ್ತದೆ. ಒಲವಿತ್ತು ಎನ್ನುವುದು ನಿಜ. ಆದರೆ ಅವರು ಇದ್ದದ್ದು ಆಫ್ರಿಕದ ಪಕ್ಕದ ಪ್ರಿನ್ಸಿಪೆ ದ್ವೀಪದಲ್ಲಿ, ಸೊಬ್ರಾಲ್‌ನಲ್ಲಲ್ಲ. ಬಿಸಿಲಿಗೆ ಆ ಎರಡನೆಯ ದೂರದರ್ಶಕದ ಕನ್ನಡಿ ಹಿಗ್ಗಿ ಫೋಕಸ್ ಕೆಟ್ಟಿದೆ ಎಂದು ಸೊಬ್ರಾಲ್‌ನವರು ಅಲ್ಲೇ, ಫೋಟೊ ಫಲಕಗಳನ್ನು ಅಳೆಯುವ ಮೊದಲೇ ಬರೆದಿಟ್ಟಿದ್ದರು. ನನಗೆ ಇದು ಬಹಳ ದೊಡ್ಡ ವಿಷಯ. ಉತ್ತರ ನೋಡಿ ಹುಡುಕಿದ ದೋಷಕ್ಕೂ ಉತ್ತರ ಬರುವ ಮೊದಲೇ ಬರೆದಿಟ್ಟ ದೋಷಕ್ಕೂ ಅಜಗಜಾಂತರ.

ಅದೇ ಫಲಕಗಳನ್ನು 1979ರಲ್ಲಿ ಆಧುನಿಕ ಯಂತ್ರದಿಂದ ಮತ್ತೆ ಅಳೆದಾಗ 0.9ರ ಬದಲು ಸುಮಾರು 1.55 ಬಂತು. ಅಷ್ಟರಲ್ಲಿ ರೇಡಿಯೊ ದೂರದರ್ಶಕಗಳು ಗ್ರಹಣಕ್ಕೆ ಕಾಯದೆ, ಫಲಕವೂ ಇಲ್ಲದೆ, ಸೂರ್ಯನ ಪಕ್ಕ ಹಾದುಬರುವ ಅಲೆಗಳು ಎಷ್ಟು ಬಾಗುತ್ತವೆ ಎಂದು ಅಳೆದಾಗಿತ್ತು. ಅವುಗಳ ಉತ್ತರಕ್ಕೂ ಐನ್‌ಸ್ಟೈನ್ ಹೇಳಿದ ಅಂಕಿಗೂ ಸುಮಾರು ಶೇಕಡಾ 1ರಷ್ಟೇ ವ್ಯತ್ಯಾಸವಿತ್ತು.