ಮೊದಲ ಮೊಬೈಲಿನ ಚಾರ್ಜ್ ಎಷ್ಟು ಹೊತ್ತು ಬರ್ತಿತ್ತು ಗೊತ್ತಾ?

ವಿಜಯಪುರದಲ್ಲಿ ಮೊಬೈಲ್ ರಿಪೇರಿ ನನ್ನ ಕಸುಬು. ಬೇಸಿಗೆ ಬಂತೆಂದರೆ ದಿನಕ್ಕೊಬ್ಬರಾದರೂ ಇದೇ ದೂರು ತರುತ್ತಾರೆ. "ಅಣ್ಣಾರ, ಮುಂಜಾನಿ ಫುಲ್ ಚಾರ್ಜ್ ಮಾಡಿದ್ರ ಮಧ್ಯಾಹ್ನಕ್ಕ ಖಾಲಿ ಆಗ್ತದ ನೋಡ್ರಿ!"

ಹಿಂದಿನ ಕವರ್ ಬಿಚ್ಚುತ್ತಾ ನಾನು ಮಾರ್ಟಿನ್ ಕೂಪರ್ ಕಥೆ ಶುರು ಮಾಡುತ್ತೇನೆ. ಮೊಟೊರೊಲಾದ ಇಂಜಿನಿಯರ್. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು, ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆ ಮಾಡಿದವರು. ಯಾರಿಗೆ ಅಂತೀರಿ? ಮನೆಯವರಿಗಲ್ಲ, ಎದುರಾಳಿ ಕಂಪನಿ ಬೆಲ್ ಲ್ಯಾಬ್ಸ್‌ನ ಜೋಯಲ್ ಎಂಗೆಲ್‌ಗೆ! ಹೊಟ್ಟೆ ಉರಿಸೋಕೇ ಮಾಡಿದ್ದು ಅನ್ನೋದು ನನ್ನ ಅನುಮಾನ. ಆ ಫೋನ್ ಒಂದು ಕೆಜಿಗಿಂತ ಜಾಸ್ತಿ ಭಾರ, ಸುಮಾರು 10 ಗಂಟೆ ಚಾರ್ಜ್‌ಗೆ ಹಾಕಿದರೆ ಮಾತಾಡೋಕೆ ಸಿಗುತ್ತಿದ್ದುದು ಸುಮಾರು ಅರ್ಧ ಗಂಟೆ. ಅಷ್ಟು ಹೊತ್ತು ಅದನ್ನು ಕಿವಿಗೆ ಹಿಡಿಯೋಕೇ ಆಗಲ್ಲ, ಹಾಗಾಗಿ ಬ್ಯಾಟರಿ ಒಂದು ಸಮಸ್ಯೆಯೇ ಆಗಿರಲಿಲ್ಲ ಅಂತ ಕೂಪರ್ ಆಮೇಲೆ ತಮಾಷೆ ಮಾಡಿದ್ದಾರೆ. ಅದು ಅಂಗಡಿಗೆ ಬರೋಕೆ ಇನ್ನೂ 10 ವರ್ಷ ಬೇಕಾಯ್ತು. ಬೆಲೆ 3,995 ಡಾಲರ್.

ಈಗ ನಿಮ್ಮ ಜೇಬಿನಲ್ಲಿರೋದು ಲಿಥಿಯಂ ಅಯಾನ್ ಬ್ಯಾಟರಿ. ಮೊದಲು ಮಾರಿದ್ದು ಸೋನಿ, 1991ರಲ್ಲಿ. ಅದಕ್ಕೆ ಸೆಕೆ ಅಂದರೆ ಆಗಲ್ಲ. ಬಿಸಿಲಲ್ಲಿ ನಿಂತ ಬೈಕಿನ ಟ್ಯಾಂಕ್ ಕವರ್‌ನಲ್ಲಿ ಇಟ್ಟು ಹೋಗೋದು, ಚಾರ್ಜ್‌ಗೆ ಹಾಕಿಕೊಂಡೇ ಮ್ಯಾಚ್ ನೋಡೋದು, ಇವೆರಡನ್ನು ಬಿಟ್ಟರೆ ನನ್ನ ಗಿರಾಕಿ ಅರ್ಧ ಕಡಿಮೆ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಒತ್ತಿ ಕೂರಿಸೋಕೆ ಹೋಗಬೇಡಿ.

ಮೊದಲನೆಯದು ಯಾವುದಿದ್ದರೂ ಅರೆಬರೆಯೇ ಇರುತ್ತೆ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಅನ್ನೋ ಇಂಜಿನಿಯರ್ ಮೊದಲ ಎಸ್ಎಂಎಸ್ ಕಳಿಸಿದರು, ಅದೂ ಕಂಪ್ಯೂಟರಿನಿಂದ. ಕ್ರಿಸ್‌ಮಸ್ ಶುಭಾಶಯ. ಅದನ್ನು ಪಡೆದವರು ವಾಪಸ್ ಬರೆಯೋ ಹಾಗಿರಲಿಲ್ಲ, ಆ ಫೋನಿನಲ್ಲಿ ಟೈಪ್ ಮಾಡುವ ವ್ಯವಸ್ಥೆಯೇ ಇರಲಿಲ್ಲ! ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಕೋಲ್ಕತ್ತಾದಿಂದ ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ದೂರಸಂಪರ್ಕ ಮಂತ್ರಿ ಸುಖರಾಮ್‌ಗೆ ಮಾಡಿದ್ದು. ಆಗ ಬಂದ ಕರೆಗೂ ದುಡ್ಡು ಕಟ್ಟಬೇಕಿತ್ತು ಅಂದರೆ ಅಂಗಡಿಯ ಹುಡುಗ ನಂಬೋದೇ ಇಲ್ಲ.

ನನಗೆ ಜಾಸ್ತಿ ಇಷ್ಟದವರು, ಮೊಬೈಲಿನಿಂದ ಮೊದಲ ಫೋಟೋ ಕಳಿಸಿದ ಫಿಲಿಪ್ ಕಾನ್. 1997ರ ಜೂನ್ 11, ಕ್ಯಾಲಿಫೋರ್ನಿಯಾದ ಹೆರಿಗೆ ಆಸ್ಪತ್ರೆ. ಹೆಂಡತಿಗೆ ನೋವು ಶುರುವಾಗಿದೆ, ಈ ಮನುಷ್ಯ ಪಕ್ಕದಲ್ಲಿ ಕೂತು ಕ್ಯಾಮೆರಾ, ಮೊಬೈಲ್, ಲ್ಯಾಪ್‌ಟಾಪ್ ಮೂರಕ್ಕೂ ವೈರ್ ಜೋಡಿಸುತ್ತಿದ್ದಾರೆ. ಮಗಳು ಹುಟ್ಟಿದಳು, ಫೋಟೋ ಮೊಬೈಲಿನ ಮೂಲಕ ಸುಮಾರು 2,000 ಜನರಿಗೆ ಹೋಯಿತು. ಈ ಕಥೆ ಹೇಳಿದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಆಕಿ ಸುಮ್ನಿದ್ಳೇನ್ರಿ?"