ಟೇಪ್ ಕಪ್ಪಾದರೆ ಸಾಲದು

ವಿದೇಶದ ವೈದ್ಯಕೀಯ ಶಿಬಿರಕ್ಕೆ ಸ್ವಯಂಸೇವಕರಾಗಿ ಹೊರಟ ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್ ಹುಡುಗರೆಲ್ಲ ನನ್ನನ್ನು ಮೊದಲು ಕೇಳುವುದು ಒಂದೇ: 'ಸರ್, ಅಲ್ಲಿ ಎಂಥೆಂಥ ಕೇಸಿಗೆ ಸ್ಕ್ರಬ್ ಆಗಬಹುದು?' ಅಂದರೆ ಕೈ ತೊಳೆದು ಸರ್ಜನ್ ಪಕ್ಕ ನಿಂತು ಉಪಕರಣ ಕೊಡುವುದು. ಅಲ್ಲಿ ಯಾವ ಆಟೋಕ್ಲೇವ್, ಅಂದರೆ ಉಪಕರಣಗಳನ್ನು ಒತ್ತಡದ ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಯಂತ್ರ, ಇದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ವೀಸಾ, ಲಸಿಕೆಯ ವಿಚಾರ ಅವರಿಗೇ ಗೊತ್ತಿರುತ್ತದೆ. ಮರ್ಸಿ ಶಿಪ್ಸ್‌ನಂಥ ಆಸ್ಪತ್ರೆ ಹಡಗಿಗೆ ಹೋಗಿಬರುವ ಖರ್ಚನ್ನು ನಾವೇ ಹಾಕಿಕೊಳ್ಳಬೇಕು ಎಂಬುದೂ ಗೊತ್ತು. ಅದೇ ಹಡಗಿನಲ್ಲಿ ಉಪಕರಣಗಳ ಸ್ಟೆರಿಲೈಸೇಷನ್‌ಗೆಂದೇ (ಕ್ರಿಮಿಮುಕ್ತ ಮಾಡುವುದಕ್ಕೆಂದೇ) ಬೇರೆ ಹುದ್ದೆ ಇದೆ, ಅದಕ್ಕೆ ಹೋಗ್ತೀರಾ ಎಂದರೆ ಮಾತ್ರ ಮುಖ ಸಣ್ಣದಾಗುತ್ತದೆ.

ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಸೆಟ್, ಅಂದರೆ ಬಟ್ಟೆಯಲ್ಲಿ ಸುತ್ತಿದ ಉಪಕರಣಗಳ ಗಂಟು, ಸಿಎಸ್‌ಎಸ್‌ಡಿಯಿಂದ (ಉಪಕರಣ ಸ್ಟೆರಿಲೈಸ್ ಮಾಡುವ ವಿಭಾಗದಿಂದ) ಸಿದ್ಧವಾಗಿ ಬರುತ್ತದೆ. ಅದರ ಮೇಲೆ ಅಂಟಿಸಿದ, ಬಿಸಿಗೆ ಬಣ್ಣ ಬದಲಿಸುವ ಟೇಪಿನ ಗೆರೆ ಕಪ್ಪಾಗಿದ್ದರೆ ಮುಗಿಯಿತು, ಬಿಚ್ಚುತ್ತೇವೆ. ಮುಗಿಯಲಿಲ್ಲ ಮಾರಾಯ್ರೆ! ಹೊರಗಿನ ಟೇಪ್ ಹೇಳುವುದು ಇಷ್ಟೇ: ಈ ಗಂಟು ಯಂತ್ರದೊಳಗೆ ಹೋಗಿ ಬಿಸಿ ತಾಗಿಸಿಕೊಂಡು ಬಂದಿದೆ. ನಡುವಿನ ಆರ್ಟರಿ ಫೋರ್ಸೆಪ್ಸ್‌ನ ಹಲ್ಲಿಗೆ, ಸಕ್ಷನ್ ಕೊಳವೆಯ ಒಳಮೈಗೆ ಹಬೆ ಮುಟ್ಟಿತೇ, ಬೇಕಾದಷ್ಟು ಹೊತ್ತು ನಿಂತಿತೇ ಎಂಬುದು ಅದಕ್ಕೆ ಗೊತ್ತಿಲ್ಲ. ಕುಕ್ಕರಿನ ಮೈ ಸುಡುತ್ತಿದೆ ಎಂದ ಮಾತ್ರಕ್ಕೆ ಬೇಳೆ ಬೆಂದಿದೆ ಎನ್ನುತ್ತೀರಾ? ಅದಕ್ಕೇ ಗಂಟಿನ ಒಳಗೂ ಒಂದು ಇಂಡಿಕೇಟರ್ ಇಡುವುದು, ಯಂತ್ರಕ್ಕೆ ಆಗಾಗ ಸ್ಪೋರ್ ಟೆಸ್ಟ್ (ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಕಗಳನ್ನು ಒಳಗಿಟ್ಟು ಸತ್ತವೇ ಎಂದು ನೋಡುವ ಪರೀಕ್ಷೆ) ಮಾಡುವುದು.

ಎತ್ತರದ ಊರಲ್ಲಿ ಇನ್ನೊಂದು ತೊಡಕು. ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾ ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಮೇಲಿದೆ. ಆಟೋಕ್ಲೇವ್ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಒತ್ತಡ ಎಷ್ಟು ಹೆಚ್ಚಿದೆ ಎಂಬುದನ್ನು. ಅಷ್ಟು ಎತ್ತರದಲ್ಲಿ ಹೊರಗಿನ ಒತ್ತಡವೇ ಕಡಿಮೆ. ಮಂಗಳೂರಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಕೊಡುವ ಅದೇ 15 ಪೌಂಡ್ ಒತ್ತಡ, ಅಲ್ಲಿ 117ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಟೇಪ್ ಆಗಲೂ ಕಪ್ಪಾಗಬಹುದು. ಹಾಗಂತ ನೀವೇ ಒತ್ತಡ ಏರಿಸಲು ಹೋಗಬೇಡಿ. ಸೇಫ್ಟಿ ವಾಲ್ವ್ ಎಷ್ಟಕ್ಕೆ ತಾಳುತ್ತದೆ ಎಂಬುದನ್ನು ಅಲ್ಲಿನ ಬಯೋಮೆಡಿಕಲ್ ಎಂಜಿನಿಯರ್ ನಿರ್ಧರಿಸಲಿ. ನೀವು ಥರ್ಮಾಮೀಟರ್ ನೋಡಿ, ಅನುಮಾನವಿದ್ದರೆ ಸೆಟ್ ತಡೆಹಿಡಿಯಿರಿ.

ಇಥಿಯೋಪಿಯಾದ ಶಿಬಿರವೊಂದರಲ್ಲಿ ಕಲಬುರಗಿ ಕಡೆಯ ಹುಡುಗಿಯೊಬ್ಬಳಿದ್ದಳು. ಸರ್ಜನ್ ಕೈ ಚಾಚುವ ಮೊದಲೇ ಉಪಕರಣ ಕೊಡುವಷ್ಟು ಚುರುಕು. ಕೇಸ್ ಹೆಚ್ಚು, ಸೆಟ್ ಕಡಿಮೆ. ಅವಸರಕ್ಕೆ ಒದ್ದೆ ಗಂಟನ್ನೇ ಎತ್ತಿಕೊಂಡು ಹೊರಟಳು. ಅಲ್ಲಿನ ಹಿರಿಯ ಹೆಂಗಸು, ಆಟೋಕ್ಲೇವ್ ಕೋಣೆಯಲ್ಲೇ ತಲೆ ನರೆಸಿಕೊಂಡವರು, ಅದನ್ನು ಕಿತ್ತುಕೊಂಡು ಮತ್ತೆ ಪ್ಯಾಕ್ ಮಾಡಲು ಇಟ್ಟರು. 'ಟೇಪ್ ಕಪ್ಪಾಗಿದೆಯಲ್ಲ ಸರ್' ಎಂದು ನನ್ನ ಬಳಿ ದೂರು ಬಂತು. ಬಟ್ಟೆ ಒದ್ದೆಯಿದ್ದರೆ ಕೈಯಲ್ಲಿರುವ ರೋಗಾಣು ಅದರ ಮೂಲಕವೇ ಒಳಗಿಳಿಯುತ್ತದೆ, ಒಳಗೆ ಎಷ್ಟೇ ಶುದ್ಧವಿದ್ದರೂ. ಗಾಯದಲ್ಲಿ ಕೀವು ಕಾಣುವ ಹೊತ್ತಿಗೆ ನಾವು ವಿಮಾನ ಹತ್ತಿರುತ್ತೇವೆ, ಡ್ರೆಸ್ಸಿಂಗ್ ಮಾಡಬೇಕಾದವರು ಅಲ್ಲಿನವರೇ. ಕೇಸ್ ತಡವಾಯಿತು, ಸರ್ಜನ್ ಸಿಡುಕಿದರು. ಸಿಡುಕಲಿ ಬಿಡಿ. ಹುಡುಗಿ ಮರುದಿನ ತಾನಾಗಿಯೇ ಆ ಹೆಂಗಸಿನ ಪಕ್ಕ ಹೋಗಿ ನಿಂತಳು.

ಹೊರಡುವ ಮುಂಚೆ ನಿಮ್ಮದೇ ಆಸ್ಪತ್ರೆಯ ಸಿಎಸ್‌ಎಸ್‌ಡಿ ಇನ್‌ಚಾರ್ಜ್ ಹತ್ತಿರ ಕೇಳಿ ಕೆಲವು ವಾರ ಕೆಲಸ ಮಾಡಿ. ಗೇಜ್ ಮಾತ್ರ ಇರುವ ಹಳೆಯ ಆಟೋಕ್ಲೇವ್ ಎಲ್ಲಾದರೂ ಮೂಲೆಯಲ್ಲಿದ್ದರೆ ಅದನ್ನೇ ಕಲಿಯಿರಿ. ಹೊಸದಕ್ಕೆ ಬಟನ್ ಒತ್ತುವುದು ಯಾರಿಗೂ ಬರುತ್ತದೆ.