ನಕ್ಷೆಯ ಗೆರೆ ದಾಟುವ ಸದ್ದು

2020ರ ಮೇ 20ರ ಮಧ್ಯಾಹ್ನ ಬೆಂಗಳೂರನ್ನು ಬೆಚ್ಚಿಬೀಳಿಸಿದ ಸದ್ದು ವಾಯುಪಡೆಯ ಪರೀಕ್ಷಾ ವಿಮಾನದ್ದು. ಅದು ಹಾರಿದ್ದು ನಗರದ ಎಲ್ಲೆಯಾಚೆ, ಗೊತ್ತುಪಡಿಸಿದ ವಾಯುಪ್ರದೇಶದಲ್ಲೇ ಎಂದು ಸ್ಪಷ್ಟನೆ ಬಂತು. ಆದರೆ ಎಲ್ಲೆಯಾಚೆ ಇರುವುದೂ ಊರುಗಳೇ. ತಮಿಳುನಾಡಿನ ಗಡಿಗೆ ಬಂದರೆ ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ. ಕನ್ನಡ, ತೆಲುಗು, ತಮಿಳು ಒಂದೇ ಸಂತೆಯಲ್ಲಿ ಕೇಳುವ ಸೀಮೆ.

ಶಬ್ದಕ್ಕಿಂತ ವೇಗವಾಗಿ ಬರುವ ವಿಮಾನಕ್ಕೆ ದಾರಿ ಬಿಡಲು ಗಾಳಿಗೆ ಹೊತ್ತೇ ಸಿಗುವುದಿಲ್ಲ. ಒತ್ತಿಕೊಂಡ ಗಾಳಿ ಆಘಾತ ತರಂಗವಾಗಿ ವಿಮಾನದ ಹಿಂದೆ ಶಂಕುವಿನಂತೆ ಹರಡುತ್ತದೆ. ಅದು ನೆಲ ಮುಟ್ಟಿದಾಗ ಕೇಳುವ ಸಿಡಿತವೇ ಅಂದಿನ ಸದ್ದು. ಶಬ್ದದ ವೇಗ ದಾಟಿದ ಕ್ಷಣದಲ್ಲಷ್ಟೇ ಸಿಡಿತ ಕೇಳುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಅದು ತಪ್ಪು. ವೇಗ ಇಳಿಯುವವರೆಗೂ ಶಂಕು ನೆಲವನ್ನು ಸವರುತ್ತಲೇ ಹೋಗುತ್ತದೆ, ಹಾದಿಯ ಊರೂರಿಗೂ ಸಿಡಿತ ಮುಟ್ಟಿಸುತ್ತಾ. ಸ್ಥೂಲವಾಗಿ, ಪ್ರತಿ ಸಾವಿರ ಅಡಿ ಎತ್ತರಕ್ಕೆ, ಸಿಡಿತ ಕೇಳುವ ಈ ನೆಲದ ಪಟ್ಟಿ ಸುಮಾರು 1.6 ಕಿ.ಮೀ. ಅಗಲವಾಗುತ್ತದೆ. ಅಂದು ವಿಮಾನ ವೇಗ ತಗ್ಗಿಸಿದ್ದು 36,000ದಿಂದ 40,000 ಅಡಿಗಳ ನಡುವೆ. ಅಂದರೆ ಪಟ್ಟಿಯ ಅಗಲ ಸುಮಾರು 60 ಕಿ.ಮೀ. ಹೊಸೂರಿಗೂ ಬೆಂಗಳೂರಿಗೂ ನಡುವೆ ಇರುವುದೇ 40!

ವಿಮಾನದ ಮೂತಿಯಿಂದೊಂದು, ಬಾಲದಿಂದೊಂದು, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಅಂತರದಲ್ಲಿ ಎರಡು ಏಟು ಬೀಳುತ್ತವೆ. ಪುಟ್ಟಿ ಒಣಗಿ ಉದುರಿದ ಹಳೆಯ ಕಿಟಕಿಯ ಗಾಜು ಮೊದಲು ಒಳಕ್ಕೆ ಒತ್ತಿಕೊಂಡು, ಮರುಗಳಿಗೆ ಹೊರಕ್ಕೆ ಸೆಳೆದುಕೊಂಡು ಚೌಕಟ್ಟಿಗೆ ಬಡಿಯುತ್ತದೆ. ಆ ವೇಗದಲ್ಲಿ ವಿಮಾನ ತಿರುವು ತೆಗೆದುಕೊಂಡರೆ ತರಂಗಗಳು ಒಂದೆಡೆ ಕೂಡಿ, ನೆಲದ ಒಂದಷ್ಟು ಜಾಗದಲ್ಲಿ ಏಟು ಹಲವು ಪಟ್ಟು ಜೋರಾಗಬಹುದು. ಎಲ್ಲಿ ತಿರುಗಬೇಕೆಂಬುದನ್ನೂ ಊರುಗಳನ್ನು ನೋಡಿಯೇ ಗೊತ್ತುಮಾಡಬೇಕು.

ಸದ್ದಿನಿಂದ ಬರುವುದು ಗಾಬರಿ, ಒಡೆದ ಗಾಜು. ವಿಮಾನವೇ ಬಿದ್ದರೆ? 2025ರ ಜುಲೈ 21ರಂದು ಢಾಕಾದ ಶಾಲೆಯೊಂದರ ಮೇಲೆ ತರಬೇತಿ ಹಾರಾಟದಲ್ಲಿದ್ದ ಬಾಂಗ್ಲಾದೇಶ ವಾಯುಪಡೆಯ ಎಫ್-7 ಯುದ್ಧವಿಮಾನ ಬಿದ್ದು 30ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಅಷ್ಟು ಜನದಟ್ಟಣೆಯ ನಗರದ ಮೇಲೆ ತರಬೇತಿ ಹಾರಾಟ ಇಟ್ಟುಕೊಂಡದ್ದನ್ನು ಬರೀ ದುರದೃಷ್ಟ ಎಂದು ನಾನು ಒಪ್ಪಲಾರೆ.

ಹಾರಾಟದ ಯೋಜನೆ ಹಾಕುವವರು ವಿಮಾನದ ಗೆರೆಯ ಜೊತೆಗೆ ಸದ್ದಿನ ಪಟ್ಟಿಯನ್ನೂ ನಕ್ಷೆಯಲ್ಲಿ ಬರೆಯಲಿ. ಅದರಡಿ ಬರುವ ಪಂಚಾಯಿತಿಗಳಿಗೆ, ಅವು ಯಾವ ರಾಜ್ಯದವೇ ಇರಲಿ, ಮೊದಲೇ ತಿಳಿಸಲಿ. ಸಮುದ್ರದ ಮೇಲೆ ಮಾಡಬಹುದಾದ ಪರೀಕ್ಷೆಯನ್ನು ಅಲ್ಲೇ ಮಾಡಲಿ, ಏಕೆಂದರೆ ತಿಳಿಸಿದರಷ್ಟೇ ಸಾಲದು. 1964ರಲ್ಲಿ ಅಮೆರಿಕದ ಒಕ್ಲಹೋಮ ನಗರದ ಮೇಲೆ ಜನರಿಗೆ ಮೊದಲೇ ಹೇಳಿ, ಆರು ತಿಂಗಳಲ್ಲಿ 1,253 ಸಿಡಿತ ಎಬ್ಬಿಸಿದರು. ಮೊದಲ 14 ವಾರಗಳಲ್ಲಿ ಎರಡು ಎತ್ತರದ ಕಟ್ಟಡಗಳಲ್ಲೇ 147 ಗಾಜು ಒಡೆದವು. ಕೊನೆಯಲ್ಲಿ ಕೇಳಿದಾಗ, ಇದರ ಜೊತೆ ಬಾಳಲಾರೆವು ಎಂದವರು ಕಾಲುಭಾಗಕ್ಕಿಂತ ಹೆಚ್ಚು.